ಕಾಕು ರಿಪೇರಿ ಮಾಡಿದ ಹೀಟರ್

ಕಳೆದ ಡಿಸೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ನಾನು ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಲಿಫ್ಟಿನ ಬಾಗಿಲಿಗೂ ಅದರೆದುರಿನ ಕಂಬಕ್ಕೂ ನಡುವೆ, ಹಾಲಿನ ಚೀಲ ಹಿಡಿದು ನಿಂತಿದ್ದೆ. ಲಿಫ್ಟ್ ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಕಂಬದ ಆಚೆ ನಮ್ಮ ಮೇಲಿನ ಮನೆಯ ಯುವಕ ತನ್ನ ಹಳೆಯ ಜೀಪಿನ ಬಾನೆಟ್ ಎತ್ತಿಟ್ಟು ಎಂಜಿನ್ ಓಡಿಸುತ್ತಿದ್ದ. ಅಲ್ಲಿಂದ ಒಂದು ವಾಸನೆ ಬಂತು. ಬೆಲ್ಲದ ಪಾಕ ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಬರುತ್ತದಲ್ಲ, ಅಂಥ ಸಿಹಿ. ಅದರ ಹಿಂದೆಯೇ ಬಿಸಿ ರಬ್ಬರಿನ ಘಾಟು. ಎಂಜಿನ್ ತಣಿಸುವ ಕೂಲಂಟ್ ಸೋರುವಾಗ ಬರುವ ವಾಸನೆ ಅದು. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ...

ಆ ಯುವಕ ನನ್ನನ್ನು ನೋಡಿ ನಕ್ಕ. "ಅಬು ಜಾ ರಹೇ ಹೈಂ, ಅಂಕಲ್. ಹೀಟರ್ ಲೀಕ್ ಹೈ. ಬೈಪಾಸ್ ಕರ್ವಾ ದೂಂಗಾ. ಗುಜರಾತ್ ಮೇ ಹೀಟರ್ ಕಾ ಕ್ಯಾ ಕಾಮ್?"

ಅಬು ಬೆಟ್ಟಕ್ಕೆ ಹೊರಟಿದ್ದಾರಂತೆ; ಹೀಟರ್ ಸೋರುತ್ತಿದೆ, ಅದಕ್ಕೆ ನೀರೇ ಹೋಗದಂತೆ ಬೈಪಾಸ್ ಮಾಡಿಸುತ್ತಾನಂತೆ. ಗುಜರಾತಿನಲ್ಲಿ ಹೀಟರ್ ಯಾತಕ್ಕೆ. ಅದೇ ಮಾತು, ಅದೇ ನಗು. ಜೀಪನ್ನು ಇನ್ನು ಯಾರು ಯಾರು ಓಡಿಸುತ್ತಾರೆ ಎಂದು ಕೇಳಿದೆ. ತಮ್ಮನೂ ಓಡಿಸುತ್ತಾನೆ ಎಂದ. "ಹಾಗಾದರೆ ತಮ್ಮನಿಗೆ ಹೇಳು! ಬೈಪಾಸ್ ಮಾಡಿಸಿದರೆ ಹೊರಡುವ ಮುಂಚೆ ಹೇಳು!" ಎಂದು ಹಿಂದಿಯಲ್ಲಿ ಕೂಗಿಬಿಟ್ಟೆ. ನೆಲಮಾಳಿಗೆಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಪಾಪ, ಅವನು ಗಾಬರಿಯಾಗಿ ಎಂಜಿನ್ ಆರಿಸಿದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ಸಿಟ್ಟು ಹಳೆಯದು, ವಡೋದರದ್ದು. ಅದು ಇನ್ನೂ ಆರಿಲ್ಲ. ಆರಬಾರದು ಎಂದೂ ನನಗೆ ಅನ್ನಿಸುತ್ತದೆ.

ವಿಮಾ ಕಚೇರಿಯ ಕೆಲಸದಲ್ಲಿ ನನಗೆ ವಡೋದರಕ್ಕೆ ವರ್ಗವಾದಾಗ ಫತೇಗಂಜ್‌ನ ಒಂದು ಒಳರಸ್ತೆಯಲ್ಲಿ ಮನೆ ಸಿಕ್ಕಿತ್ತು. ಬಲಕ್ಕೆ ವಿದ್ಯಾರ್ಥಿಗಳ ಹಾಸ್ಟೆಲ್ಲು, ಎಡಕ್ಕೆ ದಾಬೇಲಿ, ಮ್ಯಾಗಿ ಮಾರುವ ಅಂಗಡಿಗಳು, ಎದುರು ಮನೆಯಲ್ಲಿ ಅವರು. ಗದಗಿನ ಕಡೆಯವರು. ರೈಲ್ವೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಸೂರತ್‌ನಲ್ಲಿದ್ದಳು. ವಡೋದರದ ನಮ್ಮ ಕನ್ನಡ ಬಳಗದವರಿಗೆಲ್ಲ ಅವರು ಕಾಕು. ಬೀದಿಯ ಗುಜರಾತಿಗಳಿಗೆ ಬೆನ್, ಅಂದರೆ ಅಕ್ಕ.

ನಾವು ಸಾಮಾನು ಇಳಿಸುತ್ತಿದ್ದ ದಿನವೇ ಗೇಟಿನ ಹತ್ತಿರ ಬಂದು ನನ್ನ ಹೆಂಡತಿಗೆ ಹೇಳಿದ್ದರು. "ಹಾಲು ಯಾವ ಅಂಗಡಿಯಾಗ ತರಬಾರದು ಅನ್ನೋದು ಮೊದಲು ತಿಳಕೋ ತಂಗಿ. ಗಂಡನ ಬಗ್ಗೆ ಆಮ್ಯಾಲೆ ವಿಚಾರ ಮಾಡೂಣು."

ಅವರು ಸುಲಭದ ಹೆಂಗಸಲ್ಲ. ಅವರ ಮನೆಯ ಚಹಾಕ್ಕೆ ಸಕ್ಕರೆ ಇರುತ್ತಿರಲಿಲ್ಲ. ಸಕ್ಕರೆ ನಮಗೆ ಒಳ್ಳೆಯದಲ್ಲ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಯಾರಾದರೂ ಕೆಮ್ಮಿದರೆ ಬಾಯಿ ತೆರೆಸಿ ಗಂಟಲು ನೋಡುತ್ತಿದ್ದರು. ಸಭೆಯಲ್ಲಿ ಭಾಷಣ ಉದ್ದವಾದರೆ ಮುಂದಿನ ಸಾಲಿನಲ್ಲಿ ಕೂತು ಗಟ್ಟಿಯಾಗಿ ಆಕಳಿಸುತ್ತಿದ್ದರು. ಬಳಗದ ಅಧ್ಯಕ್ಷರಿಗೆ ಅವರನ್ನು ಕಂಡರೆ ಆಗದಿದ್ದುದಕ್ಕೆ ಈ ಆಕಳಿಕೆ ಒಂದು ಕಾರಣ ಇದ್ದೀತು. ಅಧ್ಯಕ್ಷರು ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೃದುವಾದ ಮಾತು, ಇಸ್ತ್ರಿ ಮಾಡಿದ ಜುಬ್ಬ. ಯಾರನ್ನೂ ಎದುರಿಗೆ ಬೈಯುತ್ತಿರಲಿಲ್ಲ.

ಬಳಗಕ್ಕೆ ಒಂದು ಹಳೆಯ ಪಿಕಪ್ ಇತ್ತು. ಹಿಂದೆಯೂ ಒಂದು ಸಾಲು ಸೀಟಿದ್ದ ಡೀಸೆಲ್ ಗಾಡಿ. ನೀಲಿ ಬಣ್ಣ ಬಿಸಿಲಿಗೆ ಬೂದಿಯಾಗಿತ್ತು. ಎಸಿ ಇರಲಿಲ್ಲ. ಅಹಮದಾಬಾದ್, ವಡೋದರ, ಸೂರತ್ ಮೂರೂ ಕಡೆಯ ಕನ್ನಡ ಬಳಗಗಳಿಗೆ ಸೇರಿ ಒಂದೇ ಜೊತೆ ದೊಡ್ಡ ಹಂಡೆ, ಒಂದೇ ನಾಟಕದ ಪರದೆ, ಒಂದೇ ಧ್ವನಿವರ್ಧಕ. ಯಾವ ಊರಲ್ಲಿ ಕಾರ್ಯಕ್ರಮವೋ ಆ ಊರಿಗೆ ಇವೆಲ್ಲ ಈ ಪಿಕಪ್‌ನಲ್ಲಿ ಹೋಗಬೇಕು. ಸಂಕ್ರಾಂತಿಗೆ ವಡೋದರದ ಹೆಂಗಸರು ಒಟ್ಟಿಗೆ ಕೂತು ಎಳ್ಳು ಬೀರುವುದಕ್ಕೆ ಬೇಕಾದ್ದನ್ನು ಬೆರೆಸಿ ಡಬ್ಬಿ ತುಂಬಿದರೆ, ಅದೂ ಇದರಲ್ಲೇ ಉಳಿದೆರಡು ಊರಿಗೆ. ಓಡಿಸುವವರು ಕಾಕು. ಬೇರೆ ಯಾರಿಗೂ ಆ ಕೆಲಸ ಬೇಕಿರಲಿಲ್ಲ. ಬೇಕೆಂದವರಿಗೂ ಅವರು ಕೀ ಕೊಡುತ್ತಿರಲಿಲ್ಲ. "ಗಾಡಿ ಅಂದ್ರ ಪೇಶಂಟ್ ಇದ್ದಂಗ. ದಿನಾ ಒಬ್ಬೊಬ್ಬ ಡಾಕ್ಟರ್ ನೋಡಿದ್ರ ಸಾಯ್ತದ" ಎನ್ನುತ್ತಿದ್ದರು.

ನಾವು ಹೋದ ಮೊದಲ ಚಳಿಗಾಲದಲ್ಲಿ ಸಂಕ್ರಾಂತಿಯ ಡಬ್ಬಿಗಳ ಜೊತೆ ನಾವಿಬ್ಬರೂ ಅಹಮದಾಬಾದಿಗೆ ಹೊರಟಿದ್ದೆವು. ಗುಜರಾತಿನಲ್ಲಿ ಚಳಿ ಇಲ್ಲ ಎನ್ನುವವರು ಜನವರಿಯ ಬೆಳಗಿನಲ್ಲಿ ಆ ಹೆದ್ದಾರಿಯಲ್ಲಿ ಹೋಗಿ ನೋಡಬೇಕು. ಹೊಲಗಳ ಮೇಲೆ ಮಂಜು ಕೂತಿತ್ತು. ಚಳಿಗೆಂದು ಕಿಟಕಿ ಮುಚ್ಚಿದೆವು. ಒಳಗಿದ್ದವರ ಉಸಿರಿಗೆ ಗಾಜು ಹಬೆ ಕಟ್ಟಿ ಬೆಳ್ಳಗಾಯಿತು. ಕಾಕು ಹೀಟರಿನ ಗುಂಡಿಯನ್ನು ಕೆಂಪು ಗೆರೆಯ ಕಡೆ ತಿರುಗಿಸಿ ಫ್ಯಾನ್ ಹಾಕಿದರು. ಬಂದದ್ದು ಉಗುರು ಬೆಚ್ಚಗಿನ ಗಾಳಿ. ಗಾಜು ಅಂಗೈಯಗಲ ತಿಳಿಯಾಗಿ ಅಲ್ಲಿಗೇ ನಿಂತಿತು. ಆ ಅಂಗೈಯಗಲದಲ್ಲೇ ನೋಡುತ್ತ ಅವರು ಅಹಮದಾಬಾದ್ ಮುಟ್ಟಿಸಿದರು. ಇಳಿದ ಕೂಡಲೇ ಹೇಳಿದರು. "ಇದನ್ನ ಹಿಂಗ ಬಿಡಬಾರದು. ಬೆಚ್ಚಗ ಕೂಡಲಿಕ್ಕಲ್ಲ ತಮ್ಮಾ ಹೀಟರ್ ಇರೋದು. ಗಾಜು ಕಾಣಲಿಕ್ಕ."

ಮುಂದಿನ ಭಾನುವಾರಗಳೆಲ್ಲ ಅದಕ್ಕೇ ಹೋದವು. ನಾನು ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವವನು. ಮೊದಲು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರು. ನೀರು ಕಡಿಮೆ ಇತ್ತು. ತುಂಬಿಸಿ, ಮುಚ್ಚಳ ಬಿಟ್ಟು, ಎಂಜಿನ್ ಓಡಿಸಿ, ಒಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳು ಹೊರಬರುವವರೆಗೆ ಕಾದರು. ಬಿಸಿ ಸ್ವಲ್ಪ ಹೆಚ್ಚಿತು, ಸಾಲಲಿಲ್ಲ. ಆಮೇಲೆ ನನ್ನನ್ನು ಕೂರಿಸಿಕೊಂಡು ಊರು ಸುತ್ತಿದರು. ಎಷ್ಟು ದೂರ ಹೋದರೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಳಗೇ ಮಲಗಿತ್ತು. "ಜ್ವರ ಏರವಲ್ದು. ಏರಬೇಕಾದಷ್ಟಾದರೂ ಏರಬೇಕಲ್ಲ" ಎಂದವರು ಗಾಡಿಯನ್ನು ನೇರವಾಗಿ ನಮ್ಮ ರಸ್ತೆಯ ತುದಿಯ ಗ್ಯಾರೇಜಿಗೆ ತಂದರು.

ಗ್ಯಾರೇಜಿನ ಮಿಸ್ತ್ರಿ ನಕ್ಕ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಎಂಬ ಸಣ್ಣ ಬಿಲ್ಲೆಯನ್ನು ಹಿಂದೆಯೇ ಯಾರೋ ಕಿತ್ತು ಎಸೆದಿದ್ದರು. ಇಲ್ಲಿನ ಬಿಸಿಲಿಗೆ ಎಂಜಿನ್ ಕುದಿಯುತ್ತದೆಂದು ಹೆದರಿ ಹಳೆಯ ಗಾಡಿಗಳಲ್ಲಿ ಎಲ್ಲರೂ ತೆಗೆಸುತ್ತಾರಂತೆ. "ಬೆನ್, ಗುಜರಾತ್ ಮಾ ಹೀಟರ್ ನೀ ಶು ಜರೂರ್?" ಎಂದ. ಆ ಮಾತನ್ನು ನಾನು ಮೊದಲು ಕೇಳಿದ್ದು ಆಗ. ಕಾಕು ಅವನಿಗೆ ಗುಜರಾತಿಯಲ್ಲೇ ಏನೋ ಉತ್ತರ ಕೊಟ್ಟರು; ಪಕ್ಕದಲ್ಲಿ ಚಹಾ ಮಾರುತ್ತಿದ್ದ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಹೊಸ ಥರ್ಮೋಸ್ಟಾಟ್ ಬಂತು. ಮುಳ್ಳು ನಡುವಿಗೆ ಬಂದು ನಿಂತಿತು.

ಆದರೂ ಗಾಳಿ ಸುಡುವಷ್ಟು ಬಿಸಿ ಆಗಲಿಲ್ಲ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯೊಳಗೆ ಎರಡು ರಬ್ಬರ್ ಪೈಪು ಹೋಗುತ್ತವೆ. ಒಂದರಲ್ಲಿ ಬಿಸಿನೀರು ಹೀಟರಿನ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ, ಇನ್ನೊಂದರಲ್ಲಿ ವಾಪಸು ಬರುತ್ತದೆ. ಕಾಕು ಏರ್ ಫಿಲ್ಟರಿನ ಡಬ್ಬಿ ಬಿಚ್ಚಿಸಿ ಪಕ್ಕಕ್ಕಿಟ್ಟು, ಎರಡು ಪೈಪಿನ ಮೇಲೂ ಒಂದೊಂದು ಕೈ ಇಟ್ಟು ಕಣ್ಣು ಮುಚ್ಚಿದರು. ಮಂಚದ ಪಕ್ಕ ನಿಂತು ನಾಡಿ ನೋಡುವ ಹಾಗೆ. ಆಮೇಲೆ ನನ್ನ ಕೈ ಎಳೆದು ಇಡಿಸಿದರು. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. "ಒಂದು ಕಾಲು ಬೆಚ್ಚಗ, ಒಂದು ಕಾಲು ತಣ್ಣಗ ಅಂದ್ರ ನಡುವ ರಕ್ತ ಕಟ್ಟೇದ ಅಂತ. ಬಿಚ್ಚೋ ಇದನ್ನ."

ಬಿಚ್ಚಿ, ನಲ್ಲಿಯ ಪೈಪು ಹಚ್ಚಿ, ನೀರನ್ನು ಹಿಂದುಮುಂದಾಗಿ ಬಿಟ್ಟರು. ರಾಗಿ ಗಂಜಿಯಂಥ ನೀರು ಬಂತು. ಕೂಲಂಟಿನ ಬದಲು ವರ್ಷಗಟ್ಟಲೆ ಬೋರಿನ ಗಡಸು ನೀರು ಹೊಯ್ದುದರ ಫಲ. ತಿಳಿ ನೀರು ಬರುವವರೆಗೆ ಬಿಡಲಿಲ್ಲ. ಕೊನೆಗೆ ಗುಂಡಿಯಿಂದ ಹೋಗುವ ತಂತಿಯ ಕ್ಲಿಪ್ಪನ್ನು ಸ್ವಲ್ಪ ಸರಿಸಿ ಕೂರಿಸಿದರು. ಆವತ್ತು ಫ್ಯಾನ್ ಹಾಕಿದರೆ ಮುಖಕ್ಕೆ ಒಲೆಯ ಮುಂದೆ ಕೂತಂಥ ಗಾಳಿ. "ಸಂಡಿಗಿ ಒಣಗಸಬಹುದು ಇದರಾಗ" ಎಂದು ಕಾಕು ಜೋರಾಗಿ ನಕ್ಕರು. ಮುಖದ ತುಂಬ ಮಸಿ. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ...

ಮುಂದಿನದನ್ನು ನಿಧಾನವಾಗಿ, ಕಂಡಷ್ಟನ್ನೇ ಬರೆಯಬೇಕು.

ಮುಂದಿನ ವರ್ಷ ದೀಪಾವಳಿಗೆ ಕಾಕು ಮಗಳ ಮನೆಗೆ ಸೂರತ್‌ಗೆ ಹೋಗಿ ಕೆಲವು ವಾರ ಅಲ್ಲೇ ಉಳಿದರು. ಆ ನಡುವೆ ರಾಜ್ಯೋತ್ಸವದ ಕಾರ್ಯಕ್ರಮ ಬಂತು. ಕಾರ್ಯದರ್ಶಿಗಳ ಹತ್ತಿರ ಇದ್ದ ಇನ್ನೊಂದು ಕೀ ತೆಗೆದುಕೊಂಡು ಅಧ್ಯಕ್ಷರು ತಾವೇ ಪಿಕಪ್ ಓಡಿಸಿದರು. ಊರಿಂದ ಬಂದ ಅತಿಥಿಗಳನ್ನೂ ಅದರಲ್ಲೇ ಕರೆದೊಯ್ದರು. ಕಾಕು ವಾಪಸಾದಾಗ ಗಾಡಿ ಎಂದಿನಂತೆ ಅವರ ಮನೆಯ ಮುಂದೆ ನಿಂತಿತ್ತು. ಯಾರೂ ಏನೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಅವರು ಊರೊಳಗೆ ಓಡಿಸಿದ್ದಷ್ಟೇ. ಊರೊಳಗೆ, ಹಗಲಿನಲ್ಲಿ, ಕಿಟಕಿ ತೆರೆದು ಓಡಿಸುವಾಗ ಹೀಟರ್ ಯಾರು ಹಾಕುತ್ತಾರೆ?

ಸಂಕ್ರಾಂತಿ ಕಳೆದ ಭಾನುವಾರ ಬೆಳಕು ಹರಿಯುವಾಗ ಅಹಮದಾಬಾದಿಗೆ ಹೊರಟೆವು. ಚಕ್ರ ಹಿಡಿದವರು ಕಾಕು. ಅವರ ಪಕ್ಕದ ಸೀಟಿನಲ್ಲಿ ನಾನು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಮತ್ತು ಡಬ್ಬಿಗಳು. ಹೊರಡುವ ಮುಂಚೆ ಅವರು ಎಣ್ಣೆ ನೋಡಿದರು, ನೀರು ನೋಡಿದರು, ಟೈರಿಗೆ ಕಾಲಿನಿಂದ ಒದ್ದು ನೋಡಿದರು. ಇದನ್ನು ನಾನು ನೋಡಿದೆ.

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಮಂಜು ದಟ್ಟವಾಯಿತು. ಗಾಜು ಒಳಗಿಂದ ಬೆಳ್ಳಗಾಗತೊಡಗಿತು. ಕಾಕು ವೇಗ ಇಳಿಸಿದರು, ಗುಂಡಿಯನ್ನು ಕೆಂಪಿಗೆ ತಿರುಗಿಸಿದರು, ಫ್ಯಾನನ್ನು ಪೂರ್ತಿ ಹಾಕಿದರು. ತಣ್ಣನೆಯ ಗಾಳಿ ಬಂತು. ಇನ್ನಷ್ಟು ದೂರ ಹೋದೆವು. ಆಗಲೂ ತಣ್ಣಗೆ. ಅವರು ಎಡಗೈಯನ್ನು ಗಾಳಿ ಬರುವ ಕಿಂಡಿಯ ಮುಂದೆ ಹಿಡಿದು, ಮುಳ್ಳಿನ ಕಡೆ ನೋಡಿದರು.

"ಮುಳ್ಳೂ ಎದ್ದಿಲ್ಲ. ಯಾರೋ ಕೈ ಹಾಕ್ಯಾರ ಇದಕ್ಕ."

ಇದು ಅವರು ಹೇಳಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

"ಕಿಟಕಿ ಇಳಸ್ರಿ ಎಲ್ಲಾರೂ. ತಮ್ಮಾ, ಬಟ್ಟಿ ತಗೊಂಡು ನನ್ನ ಮುಂದ ಒರಸು. ನಾ ಎಡಕ್ಕ ತಗೊಂಡು ನಿಲ್ಲಸ್ತೀನಿ" ಎಂದರು. ಎಡಗಡೆಯ ಇಂಡಿಕೇಟರ್ ಹಾಕಿದರು. ಅದರ ಟಕ್ ಟಕ್ ಸದ್ದು ನನಗೆ ಕೇಳಿಸಿತು. ನಾನು ಮುಂದಕ್ಕೆ ಬಾಗಿ ಗಾಜು ಒರೆಸಿದೆ. ಒರೆಸಿದಲ್ಲೇ ಮತ್ತೆ ಹಬೆ ಕಟ್ಟಿತು. ಗಾಡಿಯ ವೇಗ ಸೈಕಲ್ಲಿಗಿಂತ ಸ್ವಲ್ಪ ಹೆಚ್ಚಿತ್ತು, ಅಷ್ಟೆ. ರಸ್ತೆಯ ಅಂಚಿನಲ್ಲಿ ಇಟ್ಟಿಗೆ ತುಂಬಿದ ಟ್ರ್ಯಾಕ್ಟರಿನ ಟ್ರಾಲಿಯೊಂದನ್ನು ಯಾರೋ ನಿಲ್ಲಿಸಿ ಹೋಗಿದ್ದರು. ದೀಪವಿಲ್ಲ, ಹಿಂದೆ ಕೆಂಪು ಪಟ್ಟಿಯೂ ಇಲ್ಲ. ಅದರ ಬಲಮೂಲೆ ನಮ್ಮ ಬಾನೆಟ್ಟಿನೊಳಗೆ, ಕಾಕು ಕೂತ ಕಡೆಗೆ ನುಗ್ಗಿತು.

ನನಗೆ ಏನೂ ಆಗಲಿಲ್ಲ. ನನ್ನ ಹೆಂಡತಿಯ ಹಣೆ ಒಡೆದು ರಕ್ತ ಬಂತು. ಕಾಕು ಅವರ ಬಲ ಮೊಣಕಾಲು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಕೊಂಡಿತ್ತು. ಆ ಸ್ಥಿತಿಯಲ್ಲೂ ಅವರು ಹಿಂದಕ್ಕೆ ತಿರುಗಲು ನೋಡುತ್ತ, "ತಂಗಿ, ವಾಂತಿ ಬಂದಂಗ ಆಗ್ತದೇನು? ನನ್ನ ಕಡೆ ನೋಡು, ಮಲಗಬ್ಯಾಡ" ಎನ್ನುತ್ತಿದ್ದರು. ತಮ್ಮ ಕಾಲಿನ ವಿಷಯ ಹೇಳಿದ್ದು ಜನ ಬಂದು ಬಾಗಿಲು ಬಗ್ಗಿಸಿದ ಮೇಲೆಯೇ.

ಮಾರನೆಯ ದಿನ ಮಧ್ಯಾಹ್ನ ಗಾಡಿಯನ್ನು ಎಳೆದು ಫತೇಗಂಜ್‌ನ ಅದೇ ಗ್ಯಾರೇಜಿಗೆ ತಂದರು. ಕಾಕು ಆಸ್ಪತ್ರೆಯಲ್ಲಿದ್ದರು. ನನ್ನ ಹೆಂಡತಿ ಅವರ ಜೊತೆಗಿದ್ದಳು. ಗ್ಯಾರೇಜಿಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬಂದರು. ಸೊಟ್ಟಗಾದ ಬಾನೆಟ್ಟನ್ನು ಮಿಸ್ತ್ರಿ ಹಾರೆ ಹಾಕಿ ಎತ್ತಿದ. ಆಗ ನಾನು ಎಡಗಡೆಯ ಹೆಡ್‌ಲೈಟಿನ ಪಕ್ಕ ನಿಂತಿದ್ದೆ. ಅಧ್ಯಕ್ಷರು ನನ್ನೆದುರು, ಬಲಗಡೆ. ಅವರ ಹಿಂದೆ ಕಾರ್ಯದರ್ಶಿಗಳು.

ಏರ್ ಫಿಲ್ಟರಿನ ಡಬ್ಬಿ ಡಿಕ್ಕಿಯ ಹೊಡೆತಕ್ಕೆ ಒಡೆದು ಕಳಚಿ ಬಿದ್ದಿತ್ತು. ಅಲ್ಲಿಯವರೆಗೆ ಅದು ಮರೆಮಾಡಿದ್ದ ತಗಡಿನ ಗೋಡೆಯಲ್ಲಿ ಹೀಟರಿನ ಎರಡು ಕೊಳವೆಗಳು ಬರಿದಾಗಿ, ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿದ್ದವು. ಅವಕ್ಕೆ ಬರಬೇಕಾದ ಪೈಪುಗಳನ್ನು ಎಂಜಿನ್ನಿನ ಪಕ್ಕದಲ್ಲೇ ಕತ್ತರಿಸಿ, ನಡುವೆ ಬಾಗಿದ ಒಂದು ತುಂಡು ಸೇರಿಸಿ, ಒಂದಕ್ಕೊಂದು ಜೋಡಿಸಿದ್ದರು. ಬಿಸಿನೀರು ಹೀಟರಿನ ಹತ್ತಿರ ಹೋಗದೆ ಅಲ್ಲೇ ಸುತ್ತಿ ವಾಪಸಾಗುವಂತೆ. ಕ್ಲಿಪ್ಪುಗಳು ಹೊಸವು, ಹೊಳೆಯುತ್ತಿದ್ದವು. ಒಡೆದ ರೇಡಿಯೇಟರಿನಿಂದ ಕೂಲಂಟ್ ಇನ್ನೂ ತೊಟ್ಟಿಕ್ಕುತ್ತಿತ್ತು. ಆ ಸಿಹಿ ವಾಸನೆ.

"ಯಾರು ಮಾಡಿದ್ದು ಇದು?" ಎಂದು ನಾನು ಕೇಳಿದೆ.

ಮಿಸ್ತ್ರಿ ಅಧ್ಯಕ್ಷರ ಮುಖ ನೋಡಿದ. "ಸಾಹೇಬೇ ಕೀಧು ಹತು" ಎಂದ. ಸಾಹೇಬರು ಹೇಳಿದ್ದರು. ರಾಜ್ಯೋತ್ಸವಕ್ಕೆ ಅಹಮದಾಬಾದಿಗೆ ಹೋಗುವಾಗ ಅತಿಥಿಯ ಕಾಲಿಗೆ ಬಿಸಿಗಾಳಿ ಬಂತಂತೆ. ಗುಂಡಿ ಪೂರ್ತಿ ಮುಚ್ಚಿರಲಿಲ್ಲವೋ ಏನೋ. ವಾಪಸು ಬಂದ ಮಾರನೆಯ ದಿನವೇ ಹೀಟರ್ ಕಿತ್ತುಹಾಕು ಎಂದರಂತೆ. ಹಾಗೇ ಥರ್ಮೋಸ್ಟಾಟನ್ನೂ ತೆಗೆಸಿದರಂತೆ. ಬೆನ್‌ಗೆ ಗೊತ್ತೇ ಎಂದು ಮಿಸ್ತ್ರಿ ಕೇಳಿದ್ದನಂತೆ. ನಾನು ಹೇಳುತ್ತೇನೆ ಎಂದಿದ್ದರಂತೆ.

ಅಧ್ಯಕ್ಷರು ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಅವರು ಏನನ್ನೂ ಮುಟ್ಟಿರಲಿಲ್ಲ. "ಆಯಮ್ಮನಿಗೆ ಹೇಳಿದ್ರೆ ಅದೊಂದು ಪುರಾಣ ಆಗ್ತಿತ್ತು ಕಣ್ರೀ. ಬಿಡಿ, ಈಗ್ಯಾಕೆ ಅದೆಲ್ಲ" ಎಂದರು. ಕಾರ್ಯದರ್ಶಿಗಳು ಪೈಪಿನ ಕಡೆ ಬಗ್ಗಿ ನೋಡಿದರು.

ನಾನು ಯೋಚಿಸಿದ್ದೇನೆ. ತಪ್ಪು ಯಾರಾದರೂ ಮಾಡುತ್ತಾರೆ. ಹೀಟರ್ ಬೇಡವೆಂದು ಕೀಳಿಸಿದ್ದು ತಿಳಿಯದೆ ಮಾಡಿದ್ದು ಎಂದು ಒಪ್ಪಬಹುದು. ಇಡೀ ರಾಜ್ಯ ಹಾಗೆ ಮಾಡುತ್ತದೆ. ಆದರೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವರು ಜಗಳ ಆಡುತ್ತಿದ್ದರು, ನಿಜ. ಬೈಯುತ್ತಿದ್ದರು, ಅದೂ ನಿಜ. ಆಮೇಲೆ ಮಂಜು ಬಿಟ್ಟ ಮೇಲೆ ಹೊರಡುತ್ತಿದ್ದರು. ಒಬ್ಬ ಹೆಂಗಸಿನ ಬೈಗುಳ ತಪ್ಪಿಸಿಕೊಳ್ಳುವುದಕ್ಕಾಗಿ ಆ ಮನುಷ್ಯ ಅವರನ್ನು ಕುರುಡಾದ ಗಾಡಿಯಲ್ಲಿ ಕೂರಿಸಿ ಕಳಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿದ್ದಾಗಲೇ ಸಭೆ ಕರೆದರು. ಕಾಕು ಅವರನ್ನು ಕುರ್ಚಿ ಸಮೇತ ಎತ್ತಿ ತಂದು ಕೂರಿಸಿದೆವು. ಅಧ್ಯಕ್ಷರು ತುಂಬ ಮೃದುವಾಗಿ ಮಾತಾಡಿದರು. ಕಾಕು ನಮ್ಮ ತಾಯಿಯಿದ್ದಂತೆ, ಅವರ ಸೇವೆ ದೊಡ್ಡದು, ಆದರೆ ವಯಸ್ಸು ಯಾರನ್ನೂ ಬಿಡುವುದಿಲ್ಲ, ಕಣ್ಣು ಮಂಜಾಗುವುದು ಸಹಜ, ನಮ್ಮ ಹೆಣ್ಣುಮಕ್ಕಳ ಜೀವದ ಪ್ರಶ್ನೆ... ಜನ ತಲೆ ಆಡಿಸಿದರು. ನನ್ನ ಹೆಂಡತಿಯ ಹಣೆಯ ಪಟ್ಟಿಯ ಕಡೆ ಎಲ್ಲರೂ ನೋಡಿದರು.

ನಾನು ಎದ್ದು ನಿಂತು ಬಾನೆಟ್ಟಿನ ಕೆಳಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಧ್ಯಕ್ಷರು ನಕ್ಕರು. "ನೀವು ವಿಮೆಯವರು ನೋಡಿ! ಸತ್ತವನು ಎದ್ದು ಬಂದರೂ ಕ್ಲೇಮು ಕೊಡದೆ ಇರೋದಕ್ಕೆ ಒಂದು ಕಾರಣ ಹುಡುಕ್ತೀರಿ." ಸಭೆ ನಕ್ಕಿತು. ಕಾರ್ಯದರ್ಶಿಗಳ ಕಡೆ ನೋಡಿದೆ. ಅವರು ಮೈಕಿನ ತಂತಿ ಸರಿಮಾಡುತ್ತಿದ್ದರು. ನನ್ನ ಹೆಂಡತಿ ಎದ್ದು, ಗಾಳಿ ತಣ್ಣಗೆ ಬಂದದ್ದು ನಿಜ ಎಂದಳು. "ಪಾಪ, ಪೆಟ್ಟು ಬಿದ್ದಿದೆ, ಕೂತ್ಕೊಳ್ಳಮ್ಮ" ಎಂದು ಯಾರೋ ಅವಳ ಭುಜ ಹಿಡಿದು ಕೂರಿಸಿದರು.

ಆಗ ಕಾಕು ಒಂದೇ ಪ್ರಶ್ನೆ ಕೇಳಿದರು. ಬೈಯಲಿಲ್ಲ. ಅವರು ಬೈಯದೆ ಮಾತಾಡಿದ್ದು ನನಗೆ ಹೆದರಿಕೆ ಹುಟ್ಟಿಸಿತು.

"ನನಗ ಯಾಕ ಹೇಳಲಿಲ್ರೀ?"

ಅಧ್ಯಕ್ಷರು ಸಭೆಯ ಕಡೆ ತಿರುಗಿ, ಎರಡೂ ಕೈ ಎತ್ತಿ, "ಗುಜರಾತಿನಲ್ಲಿ ಹೀಟರ್ ಯಾಕಮ್ಮಾ ಬೇಕು?" ಎಂದರು.

ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು. ತಾವೇ ಕೈಯಾರೆ ಬೆರೆಸಿದ ಎಳ್ಳುಬೆಲ್ಲವನ್ನು ವರ್ಷ ವರ್ಷ ಊರೂರಿಗೆ ಮುಟ್ಟಿಸಿದವರನ್ನು ನೋಡಿ ನಕ್ಕರು. ಕಾಕು ಸುತ್ತ ಒಮ್ಮೆ ನೋಡಿದರು. ಸೊಂಟದಲ್ಲಿ ಸಿಕ್ಕಿಸಿದ್ದ ಕೀ ತೆಗೆದು ನನ್ನ ಕೈಗೆ ಕೊಟ್ಟು, "ಕೊಟ್ಟು ಬಾ ಅವರಿಗೆ" ಎಂದರು. ನಾನು ಕೊಡಲಿಲ್ಲ. ಒಂದು ಖಾಲಿ ಕುರ್ಚಿಯ ಮೇಲಿಟ್ಟು ಬಂದೆ.

ಆಮೇಲೆ ಅವರು ಮನೆ ಖಾಲಿ ಮಾಡಿ ಸೂರತ್‌ಗೆ ಮಗಳ ಹತ್ತಿರ ಹೋದರು. ನನಗೂ ಅಹಮದಾಬಾದಿಗೆ ವರ್ಗವಾಯಿತು. ಒಮ್ಮೆ ಕಚೇರಿ ಕೆಲಸದ ಮೇಲೆ ಸೂರತ್‌ಗೆ ಹೋದಾಗ ಅವರನ್ನು ನೋಡಲು ಹೋದೆ. ಸೀರೆ ಬಟ್ಟೆಯ ಥಾನುಗಳನ್ನು ಹೊತ್ತ ಟೆಂಪೋಗಳ ನಡುವೆ ಆಟೋ ನುಗ್ಗಿಸಿಕೊಂಡು ಹೋಗಿ ಇಳಿದದ್ದು ಒಂದು ನೆಲಮಹಡಿಯ ಫ್ಲಾಟಿನ ಮುಂದೆ. ಕಾಕು ವಾಕರ್ ಹಿಡಿದು ಬಂದರು. ಒಂದು ಕಾಲು ಮಡಚುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಇತ್ತು, ಮಾಡಿದ್ದು ಅವರಲ್ಲ.

ಅಕ್ಕಿ ಆರಿಸಲೆಂದು ಮೊರ ತೊಡೆಯ ಮೇಲೆ ಎಳೆದುಕೊಂಡರು. ಮೊಮ್ಮಗಳು ಒಳಗಿಂದ ಓಡಿಬಂದು ಮೊರವನ್ನು ಕಿತ್ತುಕೊಂಡಳು. ಒಳ್ಳೆಯ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ. "ನಾನೀ, ರೆಹ್ನೇ ದೋ ನಾ. ಆಪ್‌ಕೋ ದಿಖತಾ ನಹೀ ಹೈ."

ನಿಮಗೆ ಕಣ್ಣು ಕಾಣುವುದಿಲ್ಲ. ವಡೋದರದ ಸಭೆಯಲ್ಲಿ ಒಬ್ಬ ಮನುಷ್ಯ ತನ್ನ ಜುಬ್ಬಕ್ಕೆ ಕಲೆ ಹತ್ತದಿರಲಿ ಎಂದು ಆಡಿದ ಮಾತು ಇಲ್ಲಿಯವರೆಗೆ ಬಂದು, ಅವರ ತೊಡೆಯ ಮೇಲಿನ ಮೊರ ಕಿತ್ತುಕೊಂಡಿತ್ತು.

ಹುಡುಗಿ ಒಳಗೆ ಹೋದ ಮೇಲೆ ಕಾಕು ಪಕ್ಕದ ಡಬ್ಬಿಯಿಂದ ಸೂಜಿ ತೆಗೆದರು, ದಾರ ತೆಗೆದರು. ಕನ್ನಡಕ ಹಾಕಿಕೊಳ್ಳಲಿಲ್ಲ. ಕಿಟಕಿಯ ಬೆಳಕಿಗೂ ತಿರುಗಲಿಲ್ಲ. ಕೂತಲ್ಲೇ, ಒಂದೇ ಸಲಕ್ಕೆ, ದಾರ ಪೋಣಿಸಿ ನನ್ನ ಮುಂದೆ ಹಿಡಿದರು.

"ನೋಡಪಾ. ನೀನಾದರೂ ನೋಡು."

"ನಾನು ನೋಡಿದ್ದೇನೆ ಕಾಕು. ಆವತ್ತೂ ನೋಡಿದ್ದೆ" ಎಂದೆ.

"ಡಾಕ್ಟರ್ ಕಡಿಂದ ಕಣ್ಣು ತಪಾಸ ಮಾಡಿಸಿದ್ಲು ಮಗಳು. ಛಲೋ ಅವ ಅಂದ. ಮನಿಗೆ ಬಂದ ಕೂಡ್ಲೆ ಮತ್ತ ಕೈ ಹಿಡದು ಬಾಗಲ ಮುಂದಿನ ಮೆಟ್ಟಲಾ ಹತ್ತಿಸಿದ್ಲು." ನಗಲು ನೋಡಿದರು. "ಸಾಯೂತನಕ ಹಿಂಗ ಕುರುಡಿ ಆಗಿ ಇರಬೇಕು ನೋಡು, ಕಣ್ಣಿದ್ದು."

ಹೊರಡುವಾಗ ಬಾಗಿಲವರೆಗೆ ಬಂದರು. ಆ ಪೈಪುಗಳನ್ನು ಹೇಗೆ ಜೋಡಿಸಿದ್ದರು ಎಂದು ಕೇಳಿದರು. ನಾನು ಎರಡು ಬೆರಳು ಕೂಡಿಸಿ ತೋರಿಸಿದೆ. ಅವರು ಆ ಬೆರಳುಗಳನ್ನೇ ಬಹಳ ಹೊತ್ತು ನೋಡಿದರು...

ಹೋದ ಮಳೆಗಾಲದಲ್ಲಿ ಕಾಕು ತೀರಿಕೊಂಡರು. ವಡೋದರದಲ್ಲಿ ಬಳಗದವರು ಶ್ರದ್ಧಾಂಜಲಿ ಸಭೆ ಇಟ್ಟರು. ನಾನು ಅಹಮದಾಬಾದಿನಿಂದ ಹೋಗಿ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ನಿಂತಿದ್ದೆ. ಅದೇ ಮನುಷ್ಯ, ಈಗ ಬಳಗದ ಗೌರವಾಧ್ಯಕ್ಷರು, ಹೂವಿನ ಹಾರದ ಪಕ್ಕ ನಿಂತು ಹೇಳಿದರು. ಕಣ್ಣು ಮಂಜಾಗಿದ್ದರೂ ಸೇವೆಯ ಹಂಬಲದಿಂದ ಚಕ್ರ ಹಿಡಿದ ಮಹಾತಾಯಿ. ಹಾಗೆಂದರು. ಹೊಸಬರು ಕಣ್ಣೊರೆಸಿಕೊಂಡರು. ಅವರಿಗೆ ಇನ್ನು ಕಾಕು ಎಂದರೆ ಇಷ್ಟೇ. ನಾನು "ಅದು ಸುಳ್ಳು" ಎಂದು ಗಟ್ಟಿಯಾಗಿ ಹೇಳಿದೆ. ಒಂದಷ್ಟು ತಲೆಗಳು ತಿರುಗಿದವು. ಎರಡು ನಿಮಿಷದ ಮೌನಕ್ಕೆ ಎಲ್ಲರೂ ಏಳಬೇಕೆಂದು ಮೈಕಿನಲ್ಲಿ ಹೇಳಿದರು, ಎಲ್ಲರೂ ಎದ್ದರು. ನನ್ನ ಮಾತು ಆ ಮೌನದೊಳಗೆ ಹೋಯಿತು.

ಅದಕ್ಕೇ ಇದನ್ನು ಬರೆದೆ. ಕಾಕು ಈಗ ಇಲ್ಲ; ಅವರ ಪರವಾಗಿ ಬೈಯುವವರೂ ಇಲ್ಲ. ಆ ಪಿಕಪ್ ಗುಜರಿಗೆ ಹೋಯಿತು. ಆದರೆ ಆ ಮಧ್ಯಾಹ್ನ ಫತೇಗಂಜ್‌ನಲ್ಲಿ ಬಾನೆಟ್ ಎತ್ತಿದಾಗ ಅದರ ಸುತ್ತ ಇದ್ದವರು ಯಾರೂ ಸತ್ತಿಲ್ಲ. ಮಿಸ್ತ್ರಿ ಇದ್ದಾನೆ. ಗ್ಯಾರೇಜು ಅದೇ ರಸ್ತೆಯ ತುದಿಯಲ್ಲಿದೆ, ಕೇಳಿದರೆ ಈಗಲೂ ಹೇಳುತ್ತಾನೆ. ಪಕ್ಕದಲ್ಲಿ ಚಹಾ ಮಾರುವ ಹೆಂಗಸು ಇದ್ದಾಳೆ. ಅಂದು ಗ್ಲಾಸುಗಳನ್ನು ತಂದವಳು ಪೈಪಿನ ಕಡೆ ನೋಡಿ "ಹಾಯ್ ಹಾಯ್, ಬೆನ್" ಎಂದಿದ್ದಳು. ಅಂದಿನ ಕಾರ್ಯದರ್ಶಿಗಳು ಇದ್ದಾರೆ, ಮಗನ ಜೊತೆ ಮಂಗಳೂರಿನಲ್ಲಿ. ನಾನು ಇದ್ದೇನೆ. ಬಲಗಡೆ ನಿಂತು ಕೈ ಒರೆಸಿಕೊಂಡವರು ಇದ್ದಾರೆ, ಆರೋಗ್ಯವಾಗಿದ್ದಾರೆ, ಈಗಲೂ ತಮ್ಮ ಕಾರನ್ನು ತಾವೇ ಓಡಿಸುತ್ತಾರೆ.